ಗುಡುಗು ಕೇಳಿದ ಆಟ

ನಮ್ಮೂರಲ್ಲಿ ಮಿಂಚುತ್ತದೆ, ಗುಡುಗುವುದಿಲ್ಲ. ಮಳೆಗಾಲದಲ್ಲಿ ಬಂದ ನೆಂಟರು ಮಿಂಚು ಕಂಡ ಕೂಡಲೇ ಕಿವಿ ಮುಚ್ಚಿಕೊಂಡು ಕಾಯುತ್ತಾರೆ. ಎಷ್ಟು ಕಾದರೂ ಏನೂ ಬರದಿದ್ದಾಗ ಮೆಲ್ಲಗೆ ಕೈ ತೆಗೆದು ನಮ್ಮ ಮುಖ ನೋಡುತ್ತಾರೆ. ಮೊದಲೆಲ್ಲ ಆಗ ನಾವು ಮಾದಣ್ಣನ ಮುಖ ನೋಡುತ್ತಿದ್ದೆವು. ಮಾದಣ್ಣ ನೆಲ ನೋಡುತ್ತಿದ್ದ. ಅಣಬೆ ಸಾರು ತಿನ್ನಬೇಕೆಂದರೆ ಪಕ್ಕದೂರಿಗೆ ಹೋಗಬೇಕು, ಯಾಕೆಂದರೆ ಗುಡುಗದ ನೆಲದಲ್ಲಿ ಅಣಬೆ ಏಳುವುದಿಲ್ಲ.

ಇದೆಲ್ಲ ಆದದ್ದು ಆಟದ ಮನೆಯಿಂದ. ನಮ್ಮೂರಿನ ಕಂಪ್ಯೂಟರಿನಲ್ಲಿ ವಿಂಡೋಸ್ ನಿಲ್ಲುವುದಿಲ್ಲ. ಎಷ್ಟು ಸಲ ಹಾಕಿದರೂ ಬೆಳಗಾಗುವುದರೊಳಗೆ ನಮ್ಮೂರಿನದೇ ವ್ಯವಸ್ಥೆ ಬಂದು ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುತ್ತದೆ. ಲೆಕ್ಕ ಬರೆಯುವುದಕ್ಕೆ, ಕಾಗದ ಕಳಿಸುವುದಕ್ಕೆ ಅದು ಚೆನ್ನಾಗಿಯೇ ಇದೆ, ದೂರುವ ಹಾಗಿಲ್ಲ. ಕಷ್ಟ ಇರುವುದು ಆಟಗಳಿಗೆ. ಹೊರಗಿನ ಆಟಗಳು ವಿಂಡೋಸಿನ ಮನೆಯಲ್ಲಿ ಹುಟ್ಟಿ ಬೆಳೆದವು. ನಮ್ಮ ಯಂತ್ರದಲ್ಲಿ ಕಣ್ಣು ಬಿಟ್ಟ ಕೂಡಲೇ ಅಮ್ಮ ಕಾಣದ ಮಗುವಿನ ಹಾಗೆ ಕೂಗಲು ಶುರುಮಾಡುತ್ತವೆ. ಕಿಟಕಿ ಎಲ್ಲಿ, ಅಕ್ಷರ ಎಲ್ಲಿ, ಸದ್ದು ಎಲ್ಲಿ, ಈಗ ಗಂಟೆ ಎಷ್ಟು? ಕೂಗಿಗೆ ಯಾರೂ ಓಗೊಡದಿದ್ದರೆ ಪರದೆ ಕಪ್ಪಾಗುತ್ತದೆ, ಆಟ ಅಲ್ಲೇ ಮಲಗಿಬಿಡುತ್ತದೆ.

ಅದಕ್ಕೇ ಆಟದ ಮನೆಯಲ್ಲಿ ಒಂದು ಉದ್ದ ಬೆಂಚಿದೆ. ಅದರ ಮೇಲೆ ಓಗೊಡುವವರು ಕೂರುತ್ತಾರೆ. ಬೆಂಚಿನ ಈಚೆ ತುದಿಯಲ್ಲಿ, ಯಂತ್ರದ ಪಕ್ಕ, ನಾನು ಕೂರುತ್ತೇನೆ. ನನ್ನ ಹೆಸರು ದೇವೀರಮ್ಮ. ಆಟ ತನ್ನ ಭಾಷೆಯಲ್ಲಿ ಏನು ಕೇಳುತ್ತದೋ ಅದನ್ನು ಬೆಂಚಿಗೆ ಕೂಗಿ ಹೇಳುವುದು ನನ್ನ ಕೆಲಸ. ನನ್ನ ಗಂಟಲು ಊರಿಗೇ ಗೊತ್ತು. ಮದುವೆಯಾಗಿ ಬಂದಾಗ ಅತ್ತೆ ಈ ಗಂಟಲಿಗೆ ಹೆದರಿದ್ದರು, ಈಗ ಅದರಿಂದಲೇ ನಾಲ್ಕು ಜನ ನನ್ನನ್ನು ಕರೆದು ಕೂರಿಸುತ್ತಾರೆ.

ಆಟ ಮಳೆ ಕೇಳಿದರೆ ಸಾಕಮ್ಮ ಮೊರದಲ್ಲಿ ರಾಗಿ ಆಡಿಸುತ್ತಾಳೆ. ಪರದೆಯ ಮೇಲೆ ಸಾಕಮ್ಮನ ಮಳೆಯೇ ಬೀಳುತ್ತದೆ. ಅವಳು ಎಲೆಅಡಿಕೆ ಉಗಿಯಲು ಎದ್ದುಹೋದರೆ ಹನಿಗಳು ನೆಲಕ್ಕೆ ಬೀಳದೆ ನಡುದಾರಿಯಲ್ಲಿ ನಿಂತು ಅವಳನ್ನು ಕಾಯುತ್ತವೆ. ಕುದುರೆ ಕೇಳಿದರೆ ತೆಂಗಿನ ಚಿಪ್ಪು ಬಡಿಯುತ್ತೇವೆ. ಒಮ್ಮೆ ಒಂದು ಆಟ ಹಿಮ ಕೇಳಿತು. ಹಿಮ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಬೂರುಗದ ಕಾಯಿ ಒಡೆದು ಅರಳೆ ತೂರಿದೆವು. ಆವತ್ತು ಪರದೆಯ ಮೇಲೆ ದೊಡ್ಡ ಬೆಟ್ಟಗಳ ಮೇಲೆಲ್ಲ ಬೂರುಗದ ಅರಳೆ ಬೀಳುತ್ತಿತ್ತು, ನಡುವೆ ಅಲ್ಲೊಂದು ಇಲ್ಲೊಂದು ಕರಿ ಬೀಜ. ಇಷ್ಟು ವರ್ಷ ನೋಡಿಯೂ ನನಗೆ ಇದು ಹಳೆಯದಾಗಿಲ್ಲ. ಈಗಲೂ ಮೈ ಜುಮ್ಮೆನ್ನುತ್ತದೆ. ಆಟಕ್ಕೆ ತಾನು ಪರವೂರಿಗೆ ಬಂದಿದ್ದೇನೆಂದು ಗೊತ್ತಾಗಬಾರದು, ಅಷ್ಟೇ. ನಾವು ವಿಂಡೋಸ್ ಅಲ್ಲ, ವಿಂಡೋಸಿನ ವೇಷ ಕಟ್ಟುವವರೂ ಅಲ್ಲ. ಕೂಗಿದರೆ ಓ ಎನ್ನುವವರು.

ಬೆಂಚಿನ ಮೇಲೆ ಕೂತವರು ಆಡಬಾರದ ಮಾತು ಒಂದೇ: ಇಲ್ಲ. ಅದೇನು ಹೊಸ ಕಟ್ಟಳೆಯಲ್ಲ. ಅಕ್ಕಿ ಮುಗಿದರೆ "ಅಕ್ಕಿ ತುಂಬಿದೆ" ಎನ್ನುವವರು ನಾವು, ಮನೆ ಬಿಟ್ಟು ಹೊರಡುವಾಗ "ಬರ್ತೀನಿ" ಎನ್ನುವವರು. ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಎಂದರೆ ಆ ವಸ್ತು ಮನೆ ಬಿಟ್ಟು ಹೋಗುತ್ತದೆ ಎಂದು ಎಲ್ಲ ಊರಲ್ಲೂ ಹೇಳುತ್ತಾರೆ. ನಮ್ಮೂರಲ್ಲಿ ಅದು ಹೋಗಿಯೇ ಹೋಗುತ್ತದೆ.

ಗುಡುಗು ಹೋದದ್ದೂ ಹಾಗೆಯೇ. ಆಗ ಮಾದಣ್ಣನಿಗೆ ಮದುವೆಯಾದ ಹೊಸತು. ಮಧ್ಯಾಹ್ನ, ಹೊಟ್ಟೆ ಚುರುಗುಡುತ್ತಿದೆ, ಮನೆಯಲ್ಲಿ ಹೆಂಡತಿ ಬಿಸಿ ಮುದ್ದೆ ಮಾಡಿಟ್ಟು ಕಾಯುತ್ತಿದ್ದಾಳೆ. ಅಷ್ಟರಲ್ಲಿ ಯಾವುದೋ ಯುದ್ಧದ ಆಟ ಗುಡುಗು ಕೇಳಿತು. ಗುಡುಗಿನ ಸದ್ದಿಗೆ ತಗಡು ಅಲ್ಲಾಡಿಸಬೇಕಾದವನು ಇವನು. ತಗಡು ಮೂಲೆಯಲ್ಲಿತ್ತು, ಚಪ್ಪಲಿ ಕಾಲಲ್ಲಿತ್ತು. "ಇಲ್ಲ ಹೋಗತ್ಲಾಗೆ" ಎಂದು ಎದ್ದುಹೋದ. ಆವತ್ತಿನಿಂದ ನಮ್ಮ ಮೋಡಗಳು ಮೂಕವಾದವು. ಊರು ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. "ಇಲ್ಲಯ್ಯ" ಎಂದು ಹೆಸರಿಟ್ಟಿತು. ಹೊಡೆದಿದ್ದರೆ ಗಾಯ ಮಾಯುತ್ತಿತ್ತು. ಆಮೇಲೆ ಅವನು ಒಂದು ದಿನವೂ ಬೆಂಚು ತಪ್ಪಿಸಲಿಲ್ಲ. ತಗಡನ್ನು ಬೂದಿ ಹಾಕಿ ಉಜ್ಜಿ ಹೊಳೆಯುವ ಹಾಗೆ ಇಟ್ಟುಕೊಂಡು, ಮತ್ತೆ ಯಾವುದಾದರೂ ಆಟ ಗುಡುಗು ಕೇಳಲಿ ಎಂದು ಕಾದ. ಈ ಸಲ ಇದೆ ಎಂದರೆ ಹೋದದ್ದು ಬರಬಹುದು ಎಂದು ಅವನ ಆಸೆ. ಅದು ಊರಿನ ಆಸೆಯೂ ಹೌದು. ಬಂದ ಆಟಗಳು ಬಂದೂಕು ಕೇಳಿದವು, ಕಾರು ಕೇಳಿದವು, ಸಮುದ್ರ ಕೇಳಿದವು. ಗುಡುಗನ್ನು ಮಾತ್ರ ಯಾವುದೂ ಕೇಳಲಿಲ್ಲ. ಮಾದಣ್ಣನ ಕೂದಲು ನೆರೆಯಿತು.

ಭಾರ್ಗವಿ ಬಂದದ್ದು ಒಂದು ಶ್ರಾವಣದ ಮಧ್ಯಾಹ್ನ. ಐವತ್ತರ ಹತ್ತಿರದ ಹೆಂಗಸು, ಹತ್ತಿ ಸೀರೆ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಸಿ.ಡಿ. ಬಸ್ಸಿಳಿದವಳು ಊಟ ಕೇಳಲಿಲ್ಲ, ನೀರು ಕೇಳಲಿಲ್ಲ, ನೆಟ್ಟಗೆ ಆಟದ ಮನೆಗೆ ಬಂದಳು.

"ಹೊರಗೆ ಯಾವ ಮೆಷೀನೂ ಇದನ್ನ ಗುರುತು ಹಿಡೀತಿಲ್ಲಮ್ಮ. ತುಂಬ ಹಳೇ ಆಟ. ನಿಮ್ಮೂರಲ್ಲಿ ಯಾವುದಕ್ಕೂ ಇಲ್ಲ ಅನ್ನಲ್ವಂತೆ?" ಎಂದಳು.

"ಆ ಮಾತು ಇಲ್ಲಿ ಆಡ್ಬೇಡಿ ತಾಯಿ," ಎಂದೆ. "ಮೊದ್ಲು ಮಜ್ಜಿಗೆ ಕುಡೀರಿ. ಯಾರು ಮಾಡಿದ್ ಆಟ?"

"ನಾನೂ ನನ್ ತಮ್ಮ ಮುಕುಂದಾನೂ. ಕಾಲೇಜಲ್ಲಿದ್ದಾಗ. ಅವ್ನು ಬರೆಯೋನು, ನಾನು ಚಿತ್ರ ಹಾಕೋಳು. ನಾವು ಬೆಳೆದ ವಠಾರಾನೇ ಆಟ ಮಾಡಿದ್ವಿ. ಮಳೆ ಬರ್ತಿರತ್ತೆ, ಅಕ್ಕ ಮನೆಮನೆಗೂ ಹೋಗಿ ತಮ್ಮನ್ನ ಹುಡುಕ್ತಾಳೆ. ಕೊನೇ ಬಾಗಿಲು ಮಾತ್ರ ಅವನೊಬ್ನೇ ಮಾಡಿದ್ದು. ನಂಗೆ ತೋರಿಸ್ಲಿಲ್ಲ. 'ನೀನು ಆಡ್ಕೊಂಡು ಬಾ ಅಕ್ಕ, ನಾನು ಅಲ್ಲೇ ಕೂತಿರ್ತೀನಿ' ಅಂದಿದ್ದ." ಅವಳು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. "ಅದೇ ವಾರ ಜ್ವರ ಬಂತು. ಮೆದುಳಿಗೆ ಏರ್ತು. ಆಮೇಲೆ ಎಷ್ಟೋ ವರ್ಷ ಇದನ್ನ ಮುಟ್ಟಕ್ಕೇ ಆಗ್ಲಿಲ್ಲ ನಂಗೆ. ಮುಟ್ಟೋ ಧೈರ್ಯ ಬಂದಾಗ ಕಾಲಾನೇ ಬದ್ಲಾಗಿತ್ತು."

ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟು ಸೀಳು. ಒಂದು ಸಲ ತಿರುಗಿದರೆ ದೊಡ್ಡದು, ಎರಡನೆಯ ಸಲಕ್ಕೆ ಎರಡು ಹೋಳು. ಅವಳಿಗೆ ಹೇಳಿದೆ. "ಗೊತ್ತು," ಎಂದಳು. "ಒಂದ್ಸಲ ಸಾಕು. ಆ ಬಾಗಿಲು ತೆಗೆದ್ರೆ ಸಾಕು."

ಮಾರನೆಯ ದಿನ ಬೆಳಿಗ್ಗೆ ಊರಿಗೆ ಊರೇ ಆಟದ ಮನೆಯಲ್ಲಿತ್ತು. ಸತ್ತ ತಮ್ಮ ಕೂತಿರುವ ಆಟವಂತೆ ಎಂದು ಸುದ್ದಿ ಹಬ್ಬಿಸಿದ್ದು ಸಾಕಮ್ಮನೇ, ಅವಳ ಬಾಯಿಗೆ ಬಿದ್ದ ಮೇಲೆ ಡಂಗುರ ಬೇಕಿಲ್ಲ. ಎಲ್ಲರಿಗೂ ಕಾಣಲೆಂದು ಪರದೆಯ ಬದಲು ಗೋಡೆಗೆ ಪಂಚೆ ಕಟ್ಟಿದ್ದರು. ಯಂತ್ರ ಗೊರಗೊರ ಎಂದು ತಿರುಗಿ ಸಿ.ಡಿ.ಯನ್ನು ಒಳಗೆಳೆದುಕೊಂಡಿತು. ಆಟ ಎದ್ದು ಕೂಗಿತು. ನಾನು ಬೆಂಚಿಗೆ ಕೂಗಿದೆ.

"ಕಿಟಕಿ!" "ಇದೆ!" "ಅಕ್ಷರ!" "ಇದೆ!" "ಮಳೆ!" ಸಾಕಮ್ಮ ಮೊರ ಎತ್ತಿಕೊಂಡಳು.

ಪಂಚೆಯ ಮೇಲೆ ಒಂದು ವಠಾರ ಮೂಡಿತು. ಉದ್ದ ಓಣಿ, ಎರಡೂ ಕಡೆ ಬಾಗಿಲುಗಳು, ನಡುವೆ ನಲ್ಲಿ. ಓಣಿಯಲ್ಲಿ ಎರಡು ಜಡೆಯ ಹುಡುಗಿ ನಡೆಯುತ್ತಿದ್ದಳು. ಭಾರ್ಗವಿಯ ಬೆರಳು ಗುಂಡಿಯ ಮೇಲೆ ಒತ್ತಿದಂತೆ ಅವಳ ಹೆಜ್ಜೆ. ಮೊದಲ ಮನೆಯಲ್ಲಿ ಆಟ ಒಗ್ಗರಣೆಯ ಸದ್ದು ಕೇಳಿತು, ಯಾರೋ ಓಡಿಹೋಗಿ ಒಲೆ, ಬಾಣಲೆ ತಂದರು. ಎರಡನೆಯ ಮನೆಯಲ್ಲಿ ತೊಟ್ಟಿಲು ತೂಗುವ ಸದ್ದು. ಒಂದು ಕಡೆ ಮುದುಕನ ಕೆಮ್ಮು ಕೇಳಿತು, ಅದಕ್ಕೆ ನಮ್ಮಲ್ಲಿ ನಾ ಮುಂದು ತಾ ಮುಂದು ಎಂದು ಆರು ಜನ ಕೆಮ್ಮಿದರು. ಹಜಾರವೆಲ್ಲ ನಗು. ನಗುತ್ತಲೇ ನೋಡುತ್ತಿದ್ದೆವು, ಯಾರೋ ಇಬ್ಬರು ಮಕ್ಕಳು ಎಂದೋ ಬದುಕಿದ ವಠಾರ ನಮ್ಮ ಬಾಣಲೆ, ನಮ್ಮ ತೊಟ್ಟಿಲು, ನಮ್ಮ ರಾಗಿಯಿಂದ ಉಸಿರಾಡುತ್ತಿತ್ತು. ನನ್ನ ಕಣ್ಣು ತುಂಬಿತು. ಕೂಗುವುದನ್ನು ನಿಲ್ಲಿಸುವಂತಿರಲಿಲ್ಲ, ಹಾಗೇ ಕೂಗಿದೆ.

ಯಾವ ಮನೆಯಲ್ಲೂ ತಮ್ಮನಿರಲಿಲ್ಲ. ಓಣಿಯ ಕೊನೆಯಲ್ಲಿ ಒಂದು ಮೋಟು ಬಾಗಿಲು ಬಂತು, ತಗಡಿನದು, ಕೆಳಗೆ ತುಕ್ಕು ತಿಂದದ್ದು. ಭಾರ್ಗವಿ ಕೂತಲ್ಲೇ ನಕ್ಕುಬಿಟ್ಟಳು. "ಅಯ್ಯೋ, ನಮ್ ವಠಾರದ ಬಚ್ಚಲು! ಇದನ್ನ ಮಾಡಿಟ್ಟಿದಾನೆ ನೋಡಿ ಕತ್ತೆ!"

ಅಷ್ಟರಲ್ಲಿ ಆಟ ಏನೋ ಕೇಳಿತು. ಕೇಳಿಸಿದ್ದು ಸರಿಯೇ ಎಂದು ನಾನು ಯಂತ್ರಕ್ಕೆ ಕಿವಿಯಿಟ್ಟೆ.

"ಏನಂತೆ ದೇವೀರವ್ವ?" ಸಾಕಮ್ಮ ಕೇಳಿದಳು.

"ಗುಡುಗು," ಎಂದೆ. "ಗುಡುಗು ಇದ್ಯಾ ಅಂತೈತೆ."

ಮಾದಣ್ಣ ಎದ್ದು ನಿಂತ. ಮೂಲೆಯಿಂದ ತಗಡು ತಂದ. ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದ. ಗಂಟಲು ಸರಿಮಾಡಿಕೊಂಡು ಹೇಳಿದ: "ಇದೆ!"

ತಗಡು ಅಲ್ಲಾಡಿಸಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಆಟದ ಮನೆಯ ಹೆಂಚಿನ ಮೇಲೆ, ನಮ್ಮೂರಿನ ಆಕಾಶದಲ್ಲಿ, ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಮೋಡ ಗುಡುಗಿತು. ಕಿಟಕಿಯ ಗಾಜು ಅದುರಿತು. ನನ್ನ ಎದೆಯ ಗೂಡಿನೊಳಗೆ ಅದು ಉರುಳಿಕೊಂಡು ಹೋಯಿತು. ಹುಟ್ಟಿದ ಮೇಲೆ ಗುಡುಗನ್ನೇ ಕೇಳದ ಮಕ್ಕಳು ಕಿರುಚಿಕೊಂಡು ಅಮ್ಮಂದಿರ ಸೆರಗಿಗೆ ಬಿದ್ದವು. ಅಮ್ಮಂದಿರಿಗೇ ತಿಳಿಯದು, ಅವರೂ ಕಿರುಚಿದರು. ನಮ್ಮ ವಯಸ್ಸಿನವರ ಬಾಯಲ್ಲಿ ಮಾತ್ರ, ಯಾರೂ ಹೇಳಿಕೊಡದೆ, ಗುಡುಗಿದರೆ ಹೇಳುವ ಹಳೆಯ ಮಾತು ತಾನಾಗಿ ಬಂತು: "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ..." ಸಾಕಮ್ಮ ಮೊರ ಬಿಟ್ಟು ಕೈ ಮುಗಿದಳು. ಪಂಚೆಯ ಮೇಲೆ ಮಳೆ ನಿಂತಲ್ಲೇ ನಿಂತಿತು.

ಮಾದಣ್ಣ ಮೇಲೆ ನೋಡುತ್ತಿದ್ದ. ಅವನು ಮುಖವನ್ನು ಅಷ್ಟು ಎತ್ತಿದ್ದನ್ನು ನಾನು ಕಂಡದ್ದೇ ಇಲ್ಲ. "ಬಂತು," ಎಂದ. "ಬಂತು ಕಣ್ರಪ್ಪಾ." ಯಾರೋ ಹೋಗಿ ಅವನನ್ನು ಅಪ್ಪಿಕೊಂಡರು. ಯಾರೋ "ಮಾದಣ್ಣ" ಎಂದು ಕೂಗಿದರು, ಇಲ್ಲಯ್ಯ ಎನ್ನಲಿಲ್ಲ.

ಪಂಚೆಯ ಮೇಲೆ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತು. ಆಟ ಮತ್ತೆ ಕೇಳಿತು: ಗುಡುಗು ಇದೆಯೇ? ಈ ಸಲ ಇಡೀ ಊರು ಒಟ್ಟಿಗೆ "ಇದೆ!" ಎಂದಿತು. ಇನ್ನೂ ದೊಡ್ಡ ಗುಡುಗು. ಒಳಗಿನಿಂದ ಇನ್ನೊಂದು ಚಿಲಕ. ಯಂತ್ರದೊಳಗೆ ಸಿ.ಡಿ. ಕೊರಕೊರ ಎನ್ನತೊಡಗಿತು.

"ನಿಲ್ಸಿ!" ಭಾರ್ಗವಿ ಕುರ್ಚಿ ತಳ್ಳಿ ಎದ್ದಳು. "ಹಾಗನ್ಬೇಡಿ. ಇದೆ ಅನ್ಬೇಡಿ!"

"ಯಾಕ್ ತಾಯಿ? ಕೇಳಿದ್ದು ಕೊಟ್ವಲ್ಲ," ಎಂದೆ.

"ಅವ್ನಿಗೆ ಗುಡುಗು ಅಂದ್ರೆ ಭಯ ಕಣಮ್ಮ! ಸಣ್ಣವನಿದ್ದಾಗ ಗುಡುಗಿದ ತಕ್ಷಣ ಓಡ್ಹೋಗಿ ಬಚ್ಚಲಲ್ಲಿ ಚಿಲಕ ಹಾಕ್ಕೊಳೋನು. ವಠಾರದವರೆಲ್ಲ ಚೊಂಬು ಹಿಡ್ಕೊಂಡು ಆಚೆ ನಿಂತು ಬಯ್ಯೋರು. ನಾನು ಬಾಗಿಲ ಹತ್ರ ಕೂತು ಅರ್ಜುನ ಅರ್ಜುನ ಅನ್ನು ಅಂತ ಹೇಳ್ತಾ ಇರ್ತಿದ್ದೆ. ಗುಡುಗು ನಿಂತ್ಮೇಲೇ ಅವ್ನು ತೆಗೀತಿದ್ದಿದ್ದು. ಅದನ್ನೇ ಬರೆದಿಟ್ಟಿದಾನೆ. ನೀವು ಇದೆ ಅಂದಷ್ಟು ಸಲ ಅವ್ನು ಇನ್ನೊಂದು ಚಿಲಕ ಹಾಕ್ಕೋತಾನೆ." ಅವಳು ಬೆಂಚಿನ ಕಡೆ ತಿರುಗಿ ಕೈ ಜೋಡಿಸಿದಳು. "ಒಂದೇ ಒಂದ್ಸಲ ಇಲ್ಲ ಅನ್ನಿ. ನಿಮ್ ಕಾಲಿಗೆ ಬೀಳ್ತೀನಿ."

ಅವಳಿಗೆ ನಮ್ಮ ಗುಡುಗಿನ ಕಥೆ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು, ಮುಚ್ಚಿಡುವುದೇಕೆ. ಈಗ ತಾನೇ ಬಂದಿದೆ, ಬಂದು ಮೂರು ಸಲ ಗುಡುಗಿಲ್ಲ, ಕೊಟ್ಟುಬಿಡಿ ಎನ್ನುತ್ತಾಳಲ್ಲ. ಬಂದವರಿಗೆ ಮಣೆ ಕೊಟ್ಟರೆ ಮನೆಯನ್ನೇ ಕೇಳಿದ ಹಾಗಾಯಿತು ಎನ್ನಿಸಿತು. ಹಾಗೆಯೇ ಹೇಳಿಯೂಬಿಟ್ಟೆ. ಇಲ್ಲ ಎಂದರೆ ನಮ್ಮೂರಿಗೆ ಏನಾಗುತ್ತದೆಂದು, ಹಿಂದೆ ಏನಾಯಿತೆಂದು, ಯಾರಿಂದ ಆಯಿತೆಂದು. ಅವಳು ಕೇಳುತ್ತ ಕೇಳುತ್ತ ಮಾದಣ್ಣನನ್ನು ನೋಡಿದಳು. ಜೋಡಿಸಿದ ಕೈ ಮೆಲ್ಲಗೆ ಇಳಿಯಿತು.

"ನಂಗೆ ಗೊತ್ತಿರ್ಲಿಲ್ಲ," ಎಂದಳು. "ಬೇಡ ಬಿಡಿ. ಅವ್ನು ಒಳಗಿದಾನೆ ಅಂತ ಗೊತ್ತಾಯ್ತಲ್ಲ. ಸಾಕು." ಸಾಕು ಎಂದವಳು ಕುರ್ಚಿಯಲ್ಲಿ ಕೂರಲಾರದೆ ಪಂಚೆಯ ಹತ್ತಿರ ಹೋಗಿ, ಆ ತಗಡಿನ ಬಾಗಿಲ ಬುಡದಲ್ಲಿ, ನೆಲದ ಮೇಲೆ ಕೂತಳು. ವಠಾರದಲ್ಲಿ ಹಾಗೆಯೇ ಕೂರುತ್ತಿದ್ದಳೋ ಏನೋ. "ಅರ್ಜುನ ಅರ್ಜುನ ಅನ್ನು ಮುಕುಂದ," ಎಂದು ಬಟ್ಟೆಗೆ ಬಾಯಿಟ್ಟು ಹೇಳಿದಳು.

ಆಟ ಮೂರನೆಯ ಸಲ ಕೇಳಿತು. ಸಿ.ಡಿ.ಯ ಸದ್ದು ಕಿರ್ರೆನ್ನುವ ಮಟ್ಟಕ್ಕೆ ಬಂದಿತ್ತು. ನಾನು ಕೂಗಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಬೆಂಚಿನ ಮೇಲೆ ಯಾರೂ ಇದೆ ಎನ್ನಲಿಲ್ಲ, ಯಾರೂ ಇನ್ನೊಂದನ್ನು ಹೇಳಲಿಲ್ಲ. ಎಲ್ಲರ ಕಣ್ಣೂ ಮಾದಣ್ಣನ ಮೇಲೆ.

ಮಾದಣ್ಣ ತಗಡನ್ನು ಗೋಡೆಗೆ ಒರಗಿಸಿದ. ಮೇಲೆ ಒಂದು ಸಲ ನೋಡಿದ. ಹೆಂಚಿನ ಮೇಲೆ ಗುಡುಗು ಇನ್ನೂ ಸಣ್ಣಗೆ ಉರುಳುತ್ತಿತ್ತು, ದೂರದಲ್ಲಿ ಗಾಡಿ ಹೋದಂತೆ. ಅವನು ಅದನ್ನು ಕಣ್ಣು ಮುಚ್ಚಿ ಕೇಳಿದ.

"ದೇವೀರವ್ವ," ಎಂದ, "ಆವತ್ತು ನಾನು ಹಸ್ಕೊಂಡಿದ್ದೆ ಅಂತ ಅಂದ್ಬುಟ್ಟೆ. ಇವತ್ತು ಹಂಗಲ್ಲ. ಊರ್ನೋರು ಏನಂತೀರಿ?"

ಸಾಕಮ್ಮ ನನ್ನ ಕಡೆ ತಿರುಗಿದಳು. ಕೊನೆಗೆ ನಾನೇ ಹೇಳಿದೆ, ನನ್ನ ಗಂಟಲಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ: "ಮಗು ಹೆದ್ರಿಕೊಂಡು ಒಳಗ್ ಕೂತೈತೆ ಮಾದಣ್ಣ."

ಮಾದಣ್ಣ ಪಂಚೆಗೆ ಎದುರಾಗಿ ನಿಂತ. ಹಟ್ಟಿಯಲ್ಲಿ ಕರುವನ್ನು ಮಾತಾಡಿಸುವಷ್ಟು ಮೆಲ್ಲಗೆ ಹೇಳಿದ: "ಇಲ್ಲ ಕಣಪ್ಪ. ಗುಡುಗು ಇಲ್ಲ. ಇನ್ ಯಾವತ್ತೂ ಇಲ್ಲ."

ಉರುಳುತ್ತಿದ್ದ ಸದ್ದು ನಡುವೆ ತುಂಡಾಗಿ ನಿಂತಿತು. ಕಿಟಕಿಯಲ್ಲಿ ಮಿಂಚು ಫಳ್ಳೆಂದಿತು, ಹಿಂದೆ ಏನೂ ಬರಲಿಲ್ಲ. ಪಂಚೆಯ ಮೇಲೆ ಒಂದು ಚಿಲಕ ಸರಿಯಿತು. ಇನ್ನೊಂದು ಸರಿಯಿತು. ತುಕ್ಕು ಹಿಡಿದ ಬಾಗಿಲು ಒಂದು ಬೆರಳಷ್ಟು ತೆರೆದು, ಒಳಗಿನಿಂದ ಒಂದು ದನಿ ಬಂತು. ಅದನ್ನು ಆಟ ನಮ್ಮಿಂದ ಕೇಳಿ ಪಡೆಯಲಿಲ್ಲ, ತಾನೇ ಅಷ್ಟು ವರ್ಷ ಹೊತ್ತುಕೊಂಡು ಬಂದಿತ್ತು. ಇಪ್ಪತ್ತರ ಹುಡುಗನ ದನಿ, ನಗು ತಡೆದುಕೊಂಡು, ಸಣ್ಣ ಮಗುವಿನ ಹಾಗೆ ನಟಿಸುತ್ತಿತ್ತು.

"ಅಕ್ಕಾ, ನಿಂತ್ತಾ?"

ಭಾರ್ಗವಿ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಂತ್ತು ಕಣೋ," ಎಂದಳು. "ನಿಂತೋಯ್ತು. ಬಾ ಆಚೆಗೆ."

ಬಾಗಿಲು ಪೂರ್ತಿ ತೆರೆಯಿತು. ಚಡ್ಡಿ ಹಾಕಿಕೊಂಡ ಒಬ್ಬ ಪುಟ್ಟ ಹುಡುಗ, ಬಣ್ಣ ಸರಿಯಾಗಿ ತುಂಬದವನು, ಎರಡು ಜಡೆಯ ಹುಡುಗಿಯ ಪಕ್ಕ ಬಂದು ನಿಂತ. ಸಾಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮೊರ ಎತ್ತಿದಳು, ನಿಂತಿದ್ದ ಹನಿಗಳು ಬೀಳತೊಡಗಿದವು. ಆ ಇಬ್ಬರೂ ಮಳೆಯಲ್ಲಿ ಓಣಿಯುದ್ದಕ್ಕೂ ನಡೆದುಹೋದರು. ಆಟ ಕೊನೆಯದಾಗಿ ಒಂದು ಮಾತು ಕೇಳಿತು: ಮುಗಿಸಲೇ? ಬೆಂಚು ನನ್ನನ್ನು ನೋಡಿತು. "ಹೋಗಿ ಬಾ" ಎಂದೆ. ಯಂತ್ರದೊಳಗೆ ಸಿ.ಡಿ. ಟಪ್ಪೆಂದು ಎರಡಾಯಿತು.

ಭಾರ್ಗವಿ ಸಂಜೆಯ ಬಸ್ಸಿಗೆ ಹೊರಡುವವಳಿದ್ದಳು, ನಾವು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಮಕ್ಕಳು ಕೆರೆ ಏರಿಯ ಕಡೆಯಿಂದ ಕೂಗಿಕೊಂಡು ಓಡಿಬಂದವು. ಹೋಗಿ ನೋಡಿದರೆ ಏರಿಯ ಬುಡದಲ್ಲಿ, ಹುತ್ತಗಳ ಸುತ್ತ, ಬೇಲಿಯ ಸಂದಿಯಲ್ಲಿ, ಎಲ್ಲಿ ನೋಡಿದರೂ ಬೆಳ್ಳಗೆ ಅಣಬೆ ಎದ್ದಿದ್ದವು. ಗುಡುಗಿದ್ದು ಎರಡೇ ಸಲ, ಭೂಮಿ ಅಷ್ಟಕ್ಕೇ ಓಗೊಟ್ಟಿತ್ತು. ಮಕ್ಕಳು ಮುಟ್ಟಲು ಹೆದರಿ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದವು. ನಾನೂ ಕೂತೆ. ಕೀಳಬೇಕೆನ್ನುವುದು ಎಷ್ಟೋ ಹೊತ್ತು ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನ ಆಟದ ಮನೆಯ ಅಂಗಳದಲ್ಲೇ ದೊಡ್ಡ ಪಾತ್ರೆಯಿಟ್ಟು ಸಾರು ಮಾಡಿದೆವು, ಜೊತೆಗೆ ಮುದ್ದೆ. ಇನ್ನು ಇದು ನಮ್ಮ ನೆಲದಲ್ಲಿ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಅವಸರ ಮಾಡದೆ ತಿಂದರು. ಮೊದಲ ಎಲೆ ಮಾದಣ್ಣನದು. ಬಡಿಸಿದವಳು ಭಾರ್ಗವಿ. ಒಂದು ಸಲ ಬಡಿಸಿ, ಇನ್ನೊಂದು ಸಲ ಬಡಿಸಿ, ಮೂರನೆಯ ಸಲ ಸೌಟು ಎತ್ತಿ, "ಇನ್ನೂ ಸ್ವಲ್ಪ ಹಾಕ್ಲಾ ಅಣ್ಣ?" ಎಂದಳು.

ಮಾದಣ್ಣ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ತಲೆ ಎತ್ತಿ ಅವಳ ಮುಖ ನೋಡಿ, "ಹಾಕವ್ವ," ಎಂದ.